ಅಳು ಬರುವ ಮೊದಲೇ ಕ್ಯಾಪ್ಷನ್ ಬಂತು

ಸಣ್ಣ ವ್ಯಾಪಾರ ನಡೆಸುವವರು ಕೌನ್ಸೆಲಿಂಗ್‌ಗೆ ಬರುವುದು ಈಗೀಗ ಜಾಸ್ತಿಯಾಗಿದೆ. ರಾತ್ರಿ ನಿದ್ದೆ ಬರಲ್ಲ, ಮನೆಯವರ ಮೇಲೆ ಸುಮ್ಸುಮ್ನೆ ರೇಗ್ತೀನಿ ಅಂತ ಮಾತು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಫೋನ್ ಹೊರಬರುತ್ತದೆ. "ನೋಡಿ, ರೀಚ್ ಹೇಗೆ ಬಿದ್ದಿದೆ" ಅಂತ, ಪೋಸ್ಟ್ ಎಷ್ಟು ಜನರಿಗೆ ತಲುಪಿತು ಅನ್ನುವ ಗ್ರಾಫ್ ತೋರಿಸುತ್ತಾರೆ. ವ್ಯಾಪಾರದ ಸಲಹೆ ಕೊಡುವುದು ನನ್ನ ಕೆಲಸವಲ್ಲ. ಆದರೆ ಗ್ರಾಫ್ ತೋರಿಸುವಾಗಿನ ಆ ಮುಖ ಇದೆಯಲ್ಲ, ಅದು ನನ್ನ ಕೆಲಸಕ್ಕೆ ಸೇರಿದ್ದು.

ಅಂಥ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಅವರು ಕೈಯಲ್ಲೇ ನೋಟ್‌ಬುಕ್ ಹೊಲಿದು ಮಾರುತ್ತಾರೆ. ಹಾಳೆ ಮಡಚಿ, ದಬ್ಬಳದಲ್ಲಿ ತೂತು ಮಾಡಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದು, ರಟ್ಟು ಅಂಟಿಸುವ ಕೆಲಸ. ಎಲ್ಲ ಒಬ್ಬರೇ. ಹೊಲಿಯುವ ವಿಡಿಯೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾ ಹೋದಂತೆ ಜನ ಸೇರಿದರು. ಕೊಂಡವರಿಗಾಗಿ ಒಂದು ವಾಟ್ಸಾಪ್ ಗ್ರೂಪ್ ಆಯಿತು. ಡೈರಿ ಬರೆಯುವವರು, ಚಿತ್ರ ಬಿಡಿಸುವವರು ತಮ್ಮ ಪುಟಗಳ ಫೋಟೋ ಹಾಕತೊಡಗಿದರು. ಚೆನ್ನಾಗಿಯೇ ನಡೆದಿತ್ತು. ಆಮೇಲೆ ತಾಯಿ ಕಾಯಿಲೆ ಬಿದ್ದರು. ಒಂದು ರಾತ್ರಿ ಆ ಬಗ್ಗೆ ನಾಲ್ಕು ಸಾಲು ಬರೆದು ಪೇಜ್‌ಗೆ ಹಾಕಿದರು. ಅಷ್ಟು ಕಾಮೆಂಟ್ ಅವರ ಯಾವ ನೋಟ್‌ಬುಕ್‌ಗೂ ಬಂದಿರಲಿಲ್ಲ. ಆ ವಾರ ಆರ್ಡರ್ ಕೂಡ ಜಾಸ್ತಿ ಬಂತು.

ನೋವಿನ ಪೋಸ್ಟ್‌ಗಳು ಹೆಚ್ಚಾದವು. ತಮ್ಮ ತಮ್ಮ ಕಷ್ಟ ಹೇಳಿಕೊಂಡು ಅಪರಿಚಿತರು ನಡುರಾತ್ರಿ ಮೆಸೇಜ್ ಮಾಡತೊಡಗಿದರು. ಉತ್ತರ ಕೊಡದಿದ್ದರೆ ಬೇಜಾರಾಗಿ ಬಿಟ್ಟುಹೋಗುತ್ತಾರೆ ಅನ್ನುವ ಭಯ ಇವರಿಗೆ. ಹೊಲಿಯಲು ಹೊತ್ತೇ ಸಿಗದಂತಾಯಿತು.

ಮೊದಮೊದಲು ನಾವು ನಿದ್ದೆಯ ಬಗ್ಗೆಯೇ ಮಾತಾಡಿದೆವು. ಆಮೇಲಿನ ಒಂದು ಭೇಟಿಯಲ್ಲಿ ಅವರು ಬಂದು ಕೂತವರು ಸುಮಾರು ಹೊತ್ತು ಬಾಯಿಬಿಡಲಿಲ್ಲ. ಬೆರಳ ತುದಿಯಲ್ಲಿ ಒಣಗಿದ್ದ ಅಂಟನ್ನು ಉಗುರಿನಿಂದ ಕೆರೆಯುತ್ತಿದ್ದರು. ಕೊನೆಗೆ ಹೇಳಿದರು:

"ಮೇಡಂ, ಅಮ್ಮನ್ನ ಐಸಿಯು ಒಳಗೆ ಕರ್ಕೊಂಡು ಹೋದ್ರು. ನಾನು ಹೊರಗೆ ನಿಂತಿದ್ದೆ. ಅಳು ಬರೋ ಮೊದ್ಲೇ ಕ್ಯಾಪ್ಷನ್ ಬಂತು."

ನಾನು ಸುಮ್ಮನಿದ್ದೆ.

"ಮೊದಲ ಸಾಲು ಏನು, ಯಾವ ಫೋಟೋ, ಎಲ್ಲಾ ತಲೇಲಿ ರೆಡಿ ಆಯ್ತು. ಆಮೇಲೆ ಅತ್ತೆ. ನಾನು ಎಂಥ ಮಗಳು?"

ಈ ಪ್ರಶ್ನೆಗೆ "ಹಾಗೆಲ್ಲ ಅಂದ್ಕೋಬೇಡಿ" ಅಂತ ಸಮಾಧಾನ ಹೇಳುವುದು ಸುಲಭ. ಅದರಿಂದ ಏನೂ ಆಗುತ್ತಿರಲಿಲ್ಲ. ಮನೆಗೆ ಹೋದಮೇಲೆ ಪ್ರಶ್ನೆ ಮತ್ತೆ ಏಳುತ್ತಿತ್ತು. ಅದಕ್ಕೇ ಕೇಳಿದೆ: "ದಾರ ಎಷ್ಟು ಎಳೀಬೇಕು ಅಂತ ನಿಮ್ಮ ಕೈಗೆ ಹೇಗೆ ಗೊತ್ತಾಯ್ತು?"

"ಮಾಡ್ತಾ ಮಾಡ್ತಾ ಬಂತು."

"ಇದನ್ನ ತಲೆಯೂ ಹಾಗೇ ಕಲ್ತಿದೆ. ನೋವಾದಾಗ ಬರೆದು ಹಾಕಿದ್ರಿ. ಒಂದ್ಸಲ ನೂರಾರು ಜನ ಬಂದ್ರು, ಒಂದ್ಸಲ ಯಾರೂ ಬರಲಿಲ್ಲ."

ಹೀಗೆ ಸಿಗುವ ಬಹುಮಾನಕ್ಕೇ ಅಭ್ಯಾಸ ಗಟ್ಟಿಯಾಗುವುದು. ಯಾವ ಸಲ ಸಿಗುತ್ತದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಆ ನಡವಳಿಕೆ ಬೇಗ ಬಿಡುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದನ್ನು ತೋರಿಸಿದ್ದರು. ಐಸಿಯು ಬಾಗಿಲಲ್ಲಿ ಕ್ಯಾಪ್ಷನ್ ಹೊಳೆದದ್ದು ತಾಯಿಯ ಮೇಲೆ ಪ್ರೀತಿ ಇಲ್ಲದ್ದಕ್ಕಲ್ಲ, ತಲೆ ಆ ದಾರಿಗೆ ಪಳಗಿದ್ದಕ್ಕೆ. ಇದನ್ನು ಅವರಿಗೆ ಇಷ್ಟೇ ನೇರವಾಗಿ ಹೇಳಿದೆ.

ಆಮೇಲೆ ಕೇಳಿದೆ: "ಆ ಕ್ಯಾಪ್ಷನ್ ಯಾರಿಗೆ ಬರೆದದ್ದು?"

"ಎಲ್ಲರಿಗೂ."

"ಎಲ್ಲರೂ ಅಂದ್ರೆ? ಹೆಸರು ಹೇಳಿ."

ಯೋಚಿಸಿದರು. ಗ್ರೂಪಿನ ಮೂರು ಜನರ ಹೆಸರು ಬಂತು. ಒಬ್ಬರು ತಮ್ಮ ತಾಯಿಯನ್ನೂ ಹೀಗೇ ನೋಡಿಕೊಂಡಿದ್ದವರು.

"ಅವತ್ತು ಈ ಮೂವರಿಗೆ ಫೋನ್ ಮಾಡಿದ್ರಾ?"

"ಇಲ್ಲ. ಪೋಸ್ಟ್ ನೋಡಿರ್ತಾರೆ ಅಂದ್ಕೊಂಡೆ."

ನೋಡಿರಲಿಲ್ಲ. ಒಬ್ಬರು ತಿಂಗಳಾದಮೇಲೆ ವಿಷಯ ತಿಳಿದು ನೊಂದುಕೊಂಡಿದ್ದರಂತೆ. 2016ರಿಂದ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಹಾಕಿದ ಹೊತ್ತಿನ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು, ಯಾರಿಗೆ ಯಾವುದು ಹಿಡಿಸಬಹುದು ಅನ್ನುವ ಲೆಕ್ಕದ ಮೇಲೆ ಜೋಡಿಸುತ್ತಿದೆ. ಫಾಲೋ ಮಾಡುವವರಿಗೆಲ್ಲ ನಮ್ಮ ಪೋಸ್ಟ್ ಕಂಡೇ ಕಾಣುತ್ತದೆ ಅನ್ನುವ ಖಾತ್ರಿ ಇಲ್ಲ. ಆದರೂ ಲೈಕ್ ಕಮ್ಮಿಯಾದ ದಿನ "ಜನರಿಗೆ ನಾನು ಬೇಡವಾದೆ" ಅಂತ ಮಲಗಿದವರನ್ನು ನಾನು ಎಷ್ಟೋ ನೋಡಿದ್ದೇನೆ. ಪೋಸ್ಟ್ ಕಣ್ಣಿಗೇ ಬೀಳದವರು ಬೇಡ ಅಂದದ್ದಾದರೂ ಯಾವಾಗ?

ಸಮುದಾಯ ಕಟ್ಟಿದ್ದೇನೆ ಅನ್ನುವವರಿಗೆ ನಾನು ಕೇಳುವುದು ಒಂದೇ: ನೀವು ಒಂದು ವಾರ ಮಾತಾಡದಿದ್ದರೆ ಅಲ್ಲಿರುವವರು ತಮ್ಮತಮ್ಮಲ್ಲೇ ಮಾತಾಡುತ್ತಾರಾ? ಮಾತಾಡಿದರೆ ಅದು ಸಮುದಾಯ. ಎಲ್ಲರೂ ನಿಮ್ಮ ಕಡೆಯೇ ಮುಖ ಮಾಡಿ ಕೂತಿದ್ದರೆ ಅವರು ಪ್ರೇಕ್ಷಕರು. ಪ್ರೇಕ್ಷಕರು ಇರುವುದು ತಪ್ಪಲ್ಲ, ವ್ಯಾಪಾರಕ್ಕೆ ಬೇಕು ಕೂಡ. ಆದರೆ ಐಸಿಯು ಬಾಗಿಲಲ್ಲಿ ಆಸರೆ ಕೊಡುವುದು ಅವರ ಕೈಲಿಲ್ಲ. ಒಬ್ಬ ಮನುಷ್ಯ ನಿಭಾಯಿಸಬಹುದಾದ ಸಂಬಂಧಗಳು ಸುಮಾರು 150 ಅಂತ ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ಅಂದಾಜು ಮಾಡಿದರು. ಆ ಸಂಖ್ಯೆಗೆ ತಕರಾರುಗಳಿವೆ. ನನ್ನ ಅನುಭವದಲ್ಲಿ ಕಷ್ಟಕಾಲಕ್ಕೆ ನೆನಪಾಗುವ ಹೆಸರುಗಳು ಅದಕ್ಕಿಂತ ತೀರಾ ಕಮ್ಮಿ. ಇವರಿಗೆ ಮೂರು ಸಿಕ್ಕವಲ್ಲ, ಅದೇ ದೊಡ್ಡದು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಇದು. ನೋವಾದಾಗ ಮೊದಲು ಆ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಿ. ಬರೆಯಬೇಕು ಅನ್ನಿಸಿದರೆ ಬರೆಯಿರಿ, ನೀವೇ ಹೊಲಿದ ನೋಟ್‌ಬುಕ್ ಇದೆ. ಪೇಜ್‌ಗೆ ಮಾತ್ರ ಹಾಕಬೇಡಿ. ಒಂದೂ ಕಾಮೆಂಟ್ ಬರದಿದ್ದರೂ ನನಗೇನೂ ಆಗಲ್ಲ ಅನ್ನಿಸುವ ದಿನ ಬಂದರೆ ಅವತ್ತು ಹಾಕಿ.

ಈ ಸಲಹೆಗೆ ಆಕ್ಷೇಪ ಬರುತ್ತದೆ, ಗೊತ್ತು. ಮನಸ್ಸು ಬಿಚ್ಚಿ ಬರೆದರೇ ಜನ ಹತ್ತಿರ ಬರುತ್ತಾರೆ, ಅದೇ ಇವತ್ತಿನ ಮಾರ್ಕೆಟಿಂಗ್ ಅನ್ನುತ್ತಾರೆ. ಹತ್ತಿರ ಬರುವುದು ನಿಜ. ಆದರೆ ಹಸಿ ಗಾಯ ತೋರಿಸಿ ಬಂದ ಆರ್ಡರ್‌ನಲ್ಲಿ ಎಷ್ಟು ಮರುಕ, ಎಷ್ಟು ಮೆಚ್ಚುಗೆ ಅಂತ ಬೇರ್ಪಡಿಸಲು ಆಗುವುದಿಲ್ಲ. ಅದೇ ಭೇಟಿಯಲ್ಲಿ ಅವರು ಅಂದದ್ದು: "ನನ್ನ ನೋಟ್‌ಬುಕ್ ಚೆನ್ನಾಗಿದ್ಯೋ ಇಲ್ವೋ ಅಂತಾನೇ ಈಗ ಗೊತ್ತಾಗ್ತಿಲ್ಲ." ಕೈಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಇನ್ನು ಕೆಲವು ಸಹೋದ್ಯೋಗಿಗಳು, ಒಂದು ತಿಂಗಳು ಫೋನ್ ಬಿಡಿಸಬೇಕಿತ್ತು ಅಂದರು. ನಾನು ಒಪ್ಪಲಿಲ್ಲ. ಅದು ಅವರ ಅಂಗಡಿ. ಆಸ್ಪತ್ರೆ ಬಿಲ್ ಎದುರಿಗಿದ್ದಾಗ ಅಂಗಡಿ ಮುಚ್ಚಿ ಅಂತ ನಾನು ಹೇಳಲಾರೆ. ಇನ್‌ಸ್ಟಾಗ್ರಾಂನಲ್ಲಿ ಲೈಕ್‌ಗಳ ಲೆಕ್ಕ ಕಾಣದಂತೆ ಮಾಡುವ ಆಯ್ಕೆ 2021ರಿಂದ ಎಲ್ಲರಿಗೂ ಇದೆ. ಅದನ್ನು ಆನ್ ಮಾಡಿಸಿದೆ. ಖಾಯಂ ಗಿರಾಕಿಗಳ ಫೋನ್ ನಂಬರ್‌ಗಳನ್ನು, ಅವರ ಒಪ್ಪಿಗೆ ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದೆ. ಪೇಜ್ ಒಂದು ದಿನ ಇಲ್ಲವಾದರೆ ಗತಿಯೇನು ಅನ್ನುವ ಭಯ ಅದರಿಂದ ಎಷ್ಟೋ ಇಳಿಯಿತು.

ನಡುರಾತ್ರಿಯ ಮೆಸೇಜ್‌ಗಳದ್ದೇ ಕಷ್ಟವಾಯಿತು. ಉತ್ತರ ಕೊಡಬೇಡಿ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಕೊನೆಗೆ ಇಬ್ಬರೂ ಕೂತು ಒಂದು ಉತ್ತರ ಬರೆದೆವು: "ನೀವು ಬರೆದದ್ದು ಓದಿದೆ. ತುಂಬಾ ಕಷ್ಟದಲ್ಲಿದ್ದೀರಿ ಅಂತ ಅರ್ಥವಾಯ್ತು. ಇದನ್ನ ಸರಿಯಾಗಿ ಕೇಳಿಸಿಕೊಳ್ಳೋ ಶಕ್ತಿ ಈಗ ನನ್ನಲ್ಲಿಲ್ಲ. ದಯವಿಟ್ಟು ನಿಮ್ಮ ಹತ್ತಿರದವರಿಗೋ ಡಾಕ್ಟರಿಗೋ ಹೇಳಿ." ಮೊದಲ ಸಲ ಇದನ್ನು ಕಳಿಸುವಾಗ ಅವರ ಕೈ ನಡುಗಿತಂತೆ. "ಥ್ಯಾಂಕ್ಸ್, ಅಕ್ಕನಿಗೆ ಹೇಳ್ತೀನಿ" ಅಂತ ಉತ್ತರ ಬಂತು. ಇನ್ನೊಬ್ಬರು ಸಿಟ್ಟಾಗಿ ಗ್ರೂಪ್ ಬಿಟ್ಟರು. ಗ್ರೂಪಿಗೆ ಈಗ ಇನ್ನಿಬ್ಬರು ಅಡ್ಮಿನ್ ಇದ್ದಾರೆ. ವಾರಕ್ಕೊಂದು ವಿಷಯ ಕೊಟ್ಟು ಎಲ್ಲರಿಂದ ಬರೆಸುತ್ತಾರೆ.

ಆರ್ಡರ್ ಕೆಲವು ತಿಂಗಳು ಇಳಿಯಿತು. ಇಳಿಯಬಹುದು ಅಂತ ಮೊದಲೇ ಹೇಳಿದ್ದೆ. ಆಮೇಲೆ ನಿಧಾನವಾಗಿ ಏರಿದರೂ ಮೊದಲಿನಷ್ಟಾಗಿಲ್ಲ. ಈಗ ಬರುವವರು ಹಾಳೆಯ ದಪ್ಪ ಎಷ್ಟು, ಇಂಕ್ ಹರಡುತ್ತಾ ಅಂತ ಕೇಳುತ್ತಾರಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಖುಷಿ ಇತ್ತು.

ತಾಯಿ ಚೇತರಿಸಿಕೊಂಡು ಮನೆಗೆ ಬಂದಮೇಲೆ ಹಳೆಯ ಪೋಸ್ಟ್‌ಗಳನ್ನು ಏನು ಮಾಡುವುದು ಅಂತ ಕೇಳಿದರು. "ಅಮ್ಮನ್ನ ಕೇಳಿದ್ರಾ?" ಅಂದೆ. ಕೇಳಿರಲಿಲ್ಲ. ಹಾಕುವಾಗಲೂ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲವನ್ನೂ ತಾಯಿಗೆ ಓದಿ ಹೇಳಿದರು. ಮೂಗಿಗೆ ನಳಿಕೆ ಹಾಕಿದ್ದ ಫೋಟೋ ತೆಗೆದುಬಿಡು ಅಂದರು ತಾಯಿ. ಇನ್ನೊಂದರಲ್ಲಿ ದಿನ ತಪ್ಪಾಗಿದೆ, ಸರಿ ಮಾಡಿ ಇಟ್ಕೋ ಅಂದರು. ಉಳಿದವನ್ನು ಮಗಳೇ ಆರ್ಕೈವ್ ಮಾಡಿದರು, ಅಂದರೆ ಅಳಿಸದೆ ಬೇರೆಯವರಿಗೆ ಕಾಣದಂತೆ ಇಟ್ಟರು. ಈಗ ಬೇರೆಯವರ ಫೋಟೋ, ವಿಷಯ ಇರುವ ಯಾವ ಪೋಸ್ಟನ್ನೂ ಅವರನ್ನು ಕೇಳದೆ ಹಾಕುವುದಿಲ್ಲ. ಗ್ರೂಪಿನವರು ಕಳಿಸುವ ಡೈರಿ ಪುಟಗಳಿಗೂ ಅದೇ ನಿಯಮ.