ಎನ್‌ಡಿವಿಐ ಕಡಿಮೆ ಇರುವಲ್ಲೆಲ್ಲ ಕಾಡ್ಗಿಚ್ಚಿನ ಅಪಾಯ ಹೆಚ್ಚೇ?

ಬಂಡೀಪುರದಂತಹ ಒಣ ಎಲೆಯುದುರು ಕಾಡಿನಲ್ಲಿ ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ಸಸ್ಯಗಳ ಹಸಿರನ್ನು ಅಳೆಯುವ ಸೂಚ್ಯಂಕ) ಕಡಿಮೆ ಇರುವ ಜಾಗಗಳನ್ನು ಗುರುತಿಸಿದರೆ ಬೆಂಕಿಯ ಅಪಾಯದ ನಕ್ಷೆ ಸಿದ್ಧವಾದಂತೆಯೇ ಎಂದು ತಾವು ಕೇಳಿದ್ದೀರಿ. ಇಲ್ಲ ಎಂಬುದೇ ನನ್ನ ಉತ್ತರ. ಉಪಗ್ರಹ ಚಿತ್ರಗಳ ವಿಶ್ಲೇಷಣೆ ನನ್ನ ಉದ್ಯೋಗವಾದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಸಮೀಪದ ಅವಕೆಂಪು ಬೆಳಕನ್ನು ಪ್ರತಿಫಲಿಸುವ ಗುಣವನ್ನು ಎನ್‌ಡಿವಿಐ ಅಳೆಯುತ್ತದೆ. ಫೆಬ್ರುವರಿಯ ಹೊತ್ತಿಗೆ ತೇಗ, ಮತ್ತಿ, ದಿಂಡಿಗ ಮುಂತಾದ ಮರಗಳು ಎಲೆ ಉದುರಿಸುವುದರಿಂದ ಇಡೀ ಕಾಡಿನಲ್ಲಿ ಈ ಸಂಖ್ಯೆ ಇಳಿದಿರುತ್ತದೆ. ಸುಡಲು ಏನೂ ಇಲ್ಲದ ಬಂಡೆ, ಬತ್ತಿದ ಕೆರೆಯಂಗಳಗಳೂ ನಕ್ಷೆಯಲ್ಲಿ ಅದೇ ಬಣ್ಣದಲ್ಲಿ ಕಾಣುತ್ತವೆ. ನಮ್ಮ ಕಾಡುಗಳಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲಿನ ಹುಲ್ಲು, ತರಗೆಲೆ ಮತ್ತು ಪೊದೆಗಳನ್ನು ಹಿಡಿದು ಓಡುವುದರಿಂದ, ಮರದ ನೆತ್ತಿಯ ಬಣ್ಣಕ್ಕಿಂತ ನೆಲದಲ್ಲಿ ಏನು ಬಿದ್ದಿದೆ ಎಂಬುದೇ ಮುಖ್ಯವಾಗುತ್ತದೆ.

ಹೊರಗಿನಿಂದ ಬಂದು ನಮ್ಮ ಕಾಡುಗಳಲ್ಲಿ ಹಬ್ಬಿರುವ ಪೊದೆಗಿಡವಾದ ಲಂಟಾನದ ವಿಷಯದಲ್ಲಂತೂ ತಮ್ಮ ನಿಯಮ ತಲೆಕೆಳಗಾಗುತ್ತದೆ. ಮರಗಳು ಬೋಳಾದ ಮೇಲೂ ಅದರ ಪೊದೆ ಬಹುಮಟ್ಟಿಗೆ ಹಸಿರಾಗಿರುವುದರಿಂದ ನಕ್ಷೆ ಆ ಜಾಗವನ್ನು ಸುರಕ್ಷಿತವೆಂದು ತೋರಿಸುತ್ತದೆ; ವಾಸ್ತವದಲ್ಲಿ ಅದರ ಒಣ ಕಡ್ಡಿಗಳ ರಾಶಿ ನೆಲದ ಬೆಂಕಿಯನ್ನು ಮರದ ಕೊಂಬೆಗಳಿಗೆ ಏರಿಸುವ ಏಣಿಯಾಗುತ್ತದೆ. ಅದೇ ಹಸಿರನ್ನು ನಾವು ಸುಳಿವಾಗಿಯೂ ಬಳಸಬಹುದು. ಅಕ್ಟೋಬರ್ ಮತ್ತು ಫೆಬ್ರುವರಿಯ ಚಿತ್ರಗಳನ್ನು ಹೋಲಿಸಿ, ಸುತ್ತಲಿನ ಕಾಡು ಒಣಗಿದರೂ ಹಸಿರಾಗಿ ಉಳಿದ ತುಣುಕುಗಳನ್ನು ಗುರುತಿಸಿ, ಅವುಗಳಿಂದ ಹಳ್ಳದ ದಂಡೆಯ ನಿತ್ಯಹಸಿರು ಮರಗಳನ್ನು ಬೇರ್ಪಡಿಸಬೇಕು. ಈ ಕೊನೆಯ ಕೆಲಸ ಸ್ಥಳಕ್ಕೆ ಹೋಗಿ ನೋಡದೆ ಆಗುವುದಿಲ್ಲ.

ಹುಲ್ಲಿನ ಲೆಕ್ಕವೂ ಹೀಗೆಯೇ ವಿಚಿತ್ರ. ಮಳೆ ಚೆನ್ನಾಗಿ ಬಂದ ವರ್ಷ ಹುಲ್ಲು ಸೊಂಪಾಗಿ ಬೆಳೆದು, ಮುಂದಿನ ಬೇಸಿಗೆಗೆ ಹೆಚ್ಚು ಇಂಧನವಾಗುತ್ತದೆ; ಆದ್ದರಿಂದ ಮಳೆಗಾಲದ ಕೊನೆಯ ಗರಿಷ್ಠ ಎನ್‌ಡಿವಿಐ ಇಂಧನದ ಪ್ರಮಾಣವನ್ನೂ, ಆನಂತರ ಅದು ಇಳಿಯುವ ವೇಗ ಒಣಗುವ ಕಾಲವನ್ನೂ ಸೂಚಿಸುತ್ತವೆ. ಈ ಸಂಖ್ಯೆಗಳನ್ನು ಅದೇ ಜಾಗದ, ಅದೇ ವಾರದ ಹಿಂದಿನ ವರ್ಷಗಳ ಸರಾಸರಿಯೊಂದಿಗೆ ಹೋಲಿಸಿದಾಗ ಮಾತ್ರ ಅವಕ್ಕೆ ಅರ್ಥ. 2000ರಿಂದ ದೊರೆಯುವ, ನಾಸಾ ಉಪಗ್ರಹಗಳಲ್ಲಿನ ಮೋಡಿಸ್ ಉಪಕರಣದ ದತ್ತಾಂಶ 250 ಮೀಟರ್ ಮಟ್ಟದಲ್ಲಿ ಈ ದೀರ್ಘ ಸರಣಿಯನ್ನು ಕೊಡುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಸುಮಾರು ಐದು ದಿನಕ್ಕೊಮ್ಮೆ 10 ಮೀಟರ್ ಮಟ್ಟದ ಚಿತ್ರ ಕೊಡುವುದಲ್ಲದೆ, ಅದರ 20 ಮೀಟರ್ ಕಿರುತರಂಗ ಅವಕೆಂಪು ಪಟ್ಟಿಗಳಿಂದ ಎಲೆಯ ತೇವಾಂಶವನ್ನೂ ಅಂದಾಜಿಸಬಹುದು.

ಇಷ್ಟಾದರೂ ತಿಳಿಯುವುದು ಏನು ಸುಡಬಲ್ಲದು ಎಂಬುದು ಮಾತ್ರ. ಕಿಡಿ ಎಲ್ಲಿ ಬೀಳುತ್ತದೆ ಎಂಬುದಲ್ಲ. ಭಾರತದ ಬಹುಪಾಲು ಕಾಡ್ಗಿಚ್ಚುಗಳಿಗೆ ಮನುಷ್ಯರೇ ಕಾರಣರಾದ್ದರಿಂದ ರಸ್ತೆ, ಕಾಲುದಾರಿ, ಊರಿನ ಗಡಿಗಳ ದೂರವನ್ನೂ, ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆ ನೀಡುವ ಹಿಂದಿನ ಬೆಂಕಿ ಬಿಂದುಗಳನ್ನೂ ಇಂಧನದ ನಕ್ಷೆಯ ಮೇಲೆ ಹೊಂದಿಸಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ ಅದರ ವಿಸ್ತೀರ್ಣವನ್ನು ಅಳೆಯಲು ಉಪಗ್ರಹ ಚಿತ್ರಗಳು ನೆರವಾದವು. ಅವುಗಳ ಹೆಚ್ಚಿನ ಪ್ರಯೋಜನ ಮಾತ್ರ ಬೆಂಕಿಗೆ ಮುಂಚಿನ ತಿಂಗಳುಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಯಾವ ಬೆಂಕಿ ರೇಖೆಯನ್ನು (ಬೆಂಕಿ ದಾಟದಂತೆ ತೆರವು ಮಾಡಿದ ಪಟ್ಟಿ) ಅಗಲಗೊಳಿಸಬೇಕು, ಯಾವ ಬೀಟ್‌ನಲ್ಲಿ (ಅರಣ್ಯ ರಕ್ಷಕರ ಗಸ್ತಿನ ವ್ಯಾಪ್ತಿ) ಲಂಟಾನ ಮೊದಲು ಕೀಳಬೇಕು, ಬೆಂಕಿ ಕಾವಲುಗಾರರನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆಗಲೇ ನಿರ್ಧರಿಸಬೇಕಾಗುತ್ತದೆ.

ಈ ನಿರ್ಧಾರಗಳಲ್ಲಿ ಕಾಡಿನ ಜನರ ಮಾತನ್ನೂ ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ಸಣ್ಣ ಪ್ರಮಾಣದ ತರಗು ಬೆಂಕಿ (ನೆಲದ ತರಗೆಲೆಗೆ ಬೇಕೆಂದೇ ಇಡುವ ಬೆಂಕಿ) ಹಾಕುತ್ತಿದ್ದರು; ಅದು ನಿಂತ ಮೇಲೆ ಲಂಟಾನ ಹಬ್ಬಿತೆಂಬುದು ಅವರ ವಾದ. ಇದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲದಿದ್ದರೂ ಇಂಧನದ ನಕ್ಷೆ ಮಾಡುವವರು ಅದನ್ನು ತಳ್ಳಿಹಾಕಬಾರದು.

ಇನ್ನೊಂದು ವಿಷಯ: ನಕ್ಷೆಯನ್ನು ಪ್ರತಿ ವರ್ಷವೂ ಹೊಸದಾಗಿ ಮಾಡಬೇಕು. ಸುಟ್ಟ ಲಂಟಾನ ಮಳೆ ಬಿದ್ದೊಡನೆ ಬುಡದಿಂದ ಮತ್ತೆ ಚಿಗುರುವುದರಿಂದ, ಕಳೆದ ಬೇಸಿಗೆಯಲ್ಲಿ ಸುಟ್ಟ ಜಾಗವನ್ನು ಇಂಧನವಿಲ್ಲದ ಜಾಗವೆಂದು ಗುರುತಿಸುವ ಮೊದಲು ಅಲ್ಲಿನ ಅಕ್ಟೋಬರ್ ತಿಂಗಳ ಚಿತ್ರವನ್ನು ತಪ್ಪದೆ ಪರಿಶೀಲಿಸಿ.