ಚೀವಾಸೋ ಅಟ್ಲಾಸೋ ಎಂದು ಕೇಳಿದರೆ

ಮೆಕ್ಸಿಕೊದ ಗ್ವಾದಲಹಾರಕ್ಕೆ ಬಂದು ಇನ್ನೂ ತಿಂಗಳಾಗಿಲ್ಲ, ಕಚೇರಿಯಲ್ಲಿ ಸಿಕ್ಕವರೆಲ್ಲ ಊರಿನ ಎರಡು ಫುಟ್‌ಬಾಲ್ ತಂಡಗಳ ಹೆಸರು ಹಿಡಿದು ‘ಚೀವಾಸೋ ಅಟ್ಲಾಸೋ’ ಎಂದು ಕೇಳುತ್ತಾರೆ, ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲದ ನಾನು ಏನು ಹೇಳಲಿ ಎಂದು ಬರೆದಿದ್ದೀರಿ. ಜೊತೆಗೆ ಇನ್ನೊಂದು ಅನುಮಾನ: ಮೆಕ್ಸಿಕನ್ನರನ್ನು ಬಿಟ್ಟು ಬೇರೆ ಯಾರನ್ನೂ ಆಡಿಸದ ತಂಡವಂತೆ ಚೀವಾಸ್, ಪರದೇಶದವರಾದ ನಾವು ಅದರ ಪರ ಕೂಗಿದರೆ ನಗೆಪಾಟಲಾಗುವುದಿಲ್ಲವೇ?

ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ತಂಡವನ್ನು ಕಟ್ಟಿದವನೇ ಪರದೇಶದವನು. ಎಡ್ಗರ್ ಎವರಾರ್ಟ್ ಎಂಬ ಬೆಲ್ಜಿಯಂನವನು 1906ರಲ್ಲಿ, ಇಲ್ಲಿನ ಫ್ರೆಂಚ್ ಮಳಿಗೆಯೊಂದರ ನೌಕರರನ್ನು ಸೇರಿಸಿಕೊಂಡು ಆರಂಭಿಸಿದ ಕ್ಲಬ್ ಅದು. ಎರಡು ವರ್ಷದ ನಂತರ ಅದಕ್ಕೆ ಊರಿನ ಹೆಸರನ್ನೇ ಇಟ್ಟರು; ಇಂದಿಗೂ ಕಾಗದಪತ್ರದಲ್ಲಿ ಅದು ಗ್ವಾದಲಹಾರ ಕ್ಲಬ್. ಚೀವಾಸ್, ಅಂದರೆ ಮೇಕೆಗಳು ಎನ್ನುವುದು 1948ರಲ್ಲಿ ಪತ್ರಿಕೆಯವರು ಆಟಗಾರರ ನೆಗೆದಾಟವನ್ನು ಗೇಲಿ ಮಾಡಿ ಅಂಟಿಸಿದ ಹೆಸರು. ಅಭಿಮಾನಿಗಳು ಅದನ್ನೇ ಹೆಮ್ಮೆಯಿಂದ ಹೊತ್ತುಕೊಂಡರು. ಮೈದಾನಕ್ಕೆ ಇಳಿಯುವವರು ಮೆಕ್ಸಿಕನ್ನರೇ ಆಗಿರಬೇಕು ಎಂಬ ಹಟ ಈಗಲೂ ಇದೆ. ಆದರೆ ಅವರನ್ನು ಪಳಗಿಸುವವರಿಗೆ ಆ ಕಟ್ಟಳೆ ಇಲ್ಲ. 1957ರಲ್ಲಿ ಮೊದಲ ಲೀಗ್ ಪ್ರಶಸ್ತಿ ಗೆಲ್ಲಿಸಿದ ಡೊನಾಲ್ಡ್ ರಾಸ್ ಉರುಗ್ವೆಯವರು, 2017ರಲ್ಲಿ ಹನ್ನೆರಡನೆಯದನ್ನು ಗೆಲ್ಲಿಸಿದ ಮತಿಯಾಸ್ ಅಲ್ಮೇಡ ಅರ್ಜೆಂಟೀನಾದವರು. ಹಾಗಾಗಿ ನಿಮ್ಮ ಕೂಗಿಗೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ.

1957ಕ್ಕೆ ಮುಂಚೆ ಈ ತಂಡ ಊರಿನವರ ನಗುವಿನ ವಸ್ತುವಾಗಿತ್ತು. ‘ಇನ್ನೇನು ಗೆದ್ದುಬಿಟ್ಟಿತು’ ಎನ್ನುವ ಹಂತಕ್ಕೆ ಬಂದು ಜಾರಿಬೀಳುವುದು ಅದರ ಚಾಳಿ. ವೃತ್ತಿಪರ ಲೀಗ್ ಶುರುವಾದದ್ದು 1943ರಲ್ಲಿ. ಅಟ್ಲಾಸ್ 1951ರಲ್ಲೇ ಪ್ರಶಸ್ತಿ ಹೊಡೆದಿತ್ತು. ಇಂಗ್ಲೆಂಡಿನಲ್ಲಿ ಓದಿ ಬಂದ ಅನುಕೂಲಸ್ಥರ ಹುಡುಗರು 1916ರಲ್ಲಿ ಕಟ್ಟಿದ ತಂಡ ಅದು. ಅಂಗಡಿ ನೌಕರರ ತಂಡದವರಿಗೆ ಆ ಉರಿ ಎಷ್ಟಿದ್ದಿರಬೇಕು, ನೀವೇ ಊಹಿಸಿ. ಕೊನೆಗೆ ಇರಾಪ್ವಾತೋ ತಂಡದ ಎದುರು ಚೀವಾಸ್‌ನ ಚಾವಾ ರೇಯೆಸ್ ಹೊಡೆದ ಗೋಲಿನಿಂದ ಕಟ್ಟೆ ಒಡೆಯಿತು. 1965ರೊಳಗೆ ಏಳು ಪ್ರಶಸ್ತಿ. ಆ ತಂಡವನ್ನು ಇಲ್ಲಿನವರು ‘ಕಾಂಪೆಯೋನಿಸಿಮೋ’, ಅಂದರೆ ಚಾಂಪಿಯನ್ನರ ಚಾಂಪಿಯನ್ ಎನ್ನುತ್ತಾರೆ. ಹಿರಿಯರ ಎದುರು ಆ ಮಾತು ತೆಗೆದರೆ ನಿಮ್ಮ ಊಟದ ವಿರಾಮ ಮುಗಿಯಿತೆಂದೇ ತಿಳಿಯಿರಿ. ಚಾವಾ ರೇಯೆಸ್‌ಗೆ 2008ರಲ್ಲಿ, 71ನೇ ವಯಸ್ಸಿನಲ್ಲಿ, ಲೀಗ್ ಪಂದ್ಯವೊಂದರ ಮೊದಲ ಕೆಲವು ಕ್ಷಣ ಆಡುವ ಗೌರವ ಕೊಟ್ಟರು. ಮುದುಕ ಚೆಂಡು ಮುಟ್ಟಿ ಹೊರಬಂದ, ಕ್ರೀಡಾಂಗಣ ಎದ್ದು ನಿಂತಿತು.

ಮನೆಯ ನೆನಪಾಗಿ ರಾತ್ರಿ ನಿದ್ದೆ ಬರುವುದಿಲ್ಲ ಎಂದೂ ಬರೆದಿದ್ದೀರಲ್ಲ, ಅದಕ್ಕೂ ಚೀವಾಸ್ ಬಳಿ ಒಬ್ಬ ಮನುಷ್ಯನಿದ್ದಾನೆ. ಹೋಸೆ ವಿಯೇಗಾಸ್, ಎಲ್ಲರ ಬಾಯಲ್ಲಿ ‘ಹಮೈಕೋನ್’. ಆ ಚಾಂಪಿಯನ್ ತಂಡದ ರಕ್ಷಣಾ ಆಟಗಾರ, ಬ್ರೆಜಿಲಿನ ಗರಿಂಚನನ್ನೇ ಕಟ್ಟಿಹಾಕಿದವನೆಂದು ಹೆಸರು. 1958ರ ವಿಶ್ವಕಪ್ಪಿಗೆ ಮುಂಚೆ ಯುರೋಪಿನಲ್ಲಿ ಔತಣಕೂಟದಿಂದ ಎದ್ದುಹೋಗಿ ಮರದ ಕೆಳಗೆ ಒಬ್ಬನೇ ಕುಳಿತಿದ್ದನಂತೆ. ಕೇಳಿದರೆ, ನನಗೆ ಈ ಊಟ ಬೇಡ, ನಮ್ಮ ಊರಿನ ತಿಂಡಿ ಬೇಕು ಎಂದನಂತೆ. ಕತೆಗೆ ಎಷ್ಟು ಉಪ್ಪುಖಾರ ಸೇರಿದೆಯೋ, ದೇಶ ಬಿಟ್ಟೊಡನೆ ಕುಗ್ಗಿಹೋಗುವ ಆಟಗಾರರಿಗೆಲ್ಲ ಇಲ್ಲಿ ‘ಹಮೈಕೋನ್ ರೋಗ’ ಎಂದೇ ಹೇಳುತ್ತಾರೆ. ಪಾಪ, ಅಷ್ಟು ಗೆದ್ದವನಿಗೆ ಇದೊಂದೇ ಗುರುತು ಉಳಿದದ್ದು ನನಗಂತೂ ಅನ್ಯಾಯವೆನಿಸುತ್ತದೆ. ನಿಮ್ಮ ಸಹೋದ್ಯೋಗಿಗಳಿಗೆ ‘ನನಗೂ ಹಮೈಕೋನ್ ರೋಗ’ ಎಂದು ಹೇಳಿ ನೋಡಿ. ಮನೆಗೆ ಊಟಕ್ಕೆ ಕರೆಯದೆ ಬಿಡುವುದಿಲ್ಲ.

ಪಂದ್ಯ ನೋಡುವುದಾದರೆ ಪಕ್ಕದ ಸಪೋಪಾನ್‌ನಲ್ಲಿರುವ ಚೀವಾಸ್‌ನ ಹೊಸ ಕ್ರೀಡಾಂಗಣ 2010ರದ್ದು. ಹುಲ್ಲು ಹೊದ್ದ ಜ್ವಾಲಾಮುಖಿಯ ಆಕಾರ, ಕಣ್ಣಿಗೆ ಚೆಂದ. ಉದ್ಘಾಟನೆಯ ದಿನ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಬಂದಿತ್ತು. ಆಗಷ್ಟೇ ಆ ತಂಡಕ್ಕೆ ಮಾರಾಟವಾಗಿದ್ದ ಚೀವಾಸ್ ಆಟಗಾರ ಚಿಚರಿತೋ ಮೊದಲು ಚೀವಾಸ್ ಪರ ಗೋಲು ಹೊಡೆದು, ಆಮೇಲೆ ಅಂಗಿ ಬದಲಿಸಿ ಆ ಕಡೆ ಆಡಿದ. ಆದರೆ ನನ್ನ ಮಾತು ಕೇಳಿದರೆ ಮೊದಲು ಹಳೆಯ ಹಾಲಿಸ್ಕೋ ಕ್ರೀಡಾಂಗಣಕ್ಕೆ ಹೋಗಿ. ಈಗ ಅದು ಅಟ್ಲಾಸ್ ಮನೆ. 1960ರಿಂದ ಐವತ್ತು ವರ್ಷ ಚೀವಾಸ್ ಆಡಿದ್ದೂ ಅಲ್ಲೇ, 1970ರ ವಿಶ್ವಕಪ್ಪಿನಲ್ಲಿ ಪೆಲೆಯ ತಲೆಹೊಡೆತವನ್ನು ಇಂಗ್ಲೆಂಡಿನ ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್ ತಡೆದದ್ದೂ ಅಲ್ಲೇ. ಆಲೂಗಡ್ಡೆ ಚಿಪ್ಸ್ ಮಾರುವವನು ಪೊಟ್ಟಣ ಹರಿದು, ನಿಂಬೆ ಹಿಂಡಿ, ಮೇಲೆ ವಲೆಂತಿನಾ ಖಾರದ ಸಾರ ಸುರಿದು ಕುಲುಕಿ ಕೊಡುತ್ತಾನೆ. ನಮ್ಮ ಚುರುಮುರಿಯವನ ಕೈಚಳಕವೇ. ವಲೆಂತಿನಾ ಇದೇ ಊರಿನ ಸರಕು.

ಇನ್ನು ಮೊದಲ ಪ್ರಶ್ನೆ. ಅಟ್ಲಾಸ್‌ನವರು 1951ರ ನಂತರ ಎರಡನೇ ಪ್ರಶಸ್ತಿಗೆ 2021ರವರೆಗೆ ಕಾದರು. ಅಷ್ಟು ತಾಳ್ಮೆ ನನಗಿಲ್ಲ, ನಾನು ಚೀವಾಸ್. ನೀವು ‘ಇನ್ನೂ ನೋಡುತ್ತಿದ್ದೇನೆ’ ಎನ್ನಿ, ಎರಡೂ ಕಡೆಯವರು ಕರೆದುಕೊಂಡು ಹೋಗುತ್ತಾರೆ. ಚೀವಾಸ್‌ನ ಬದ್ಧ ವೈರಿಯಾದ, ರಾಜಧಾನಿ ಮೆಕ್ಸಿಕೊ ಸಿಟಿಯ ‘ಅಮೆರಿಕ’ ಕ್ಲಬ್ಬಿನ ಹೆಸರನ್ನು ಮಾತ್ರ ತಮಾಷೆಗೂ ಎತ್ತಬೇಡಿ. ಅಟ್ಲಾಸ್ ಗೆಳೆಯ ಕರೆದ ದಿನ ಚೀವಾಸ್‌ನ ಕೆಂಪು ಬಿಳಿ ಪಟ್ಟೆಯ ಅಂಗಿ ಬೇಡ, ಯಾವ ತಂಡದ ಬಣ್ಣವೂ ಇಲ್ಲದ ಅಂಗಿ ಹಾಕಿಕೊಳ್ಳಿ.