ಡಬ್ಬಿಯ ಮೇಲೆ ಯಾರ ಹೆಸರು?

ಅಥಣಿಯ ಓದುಗರೊಬ್ಬರು ಬರೆದಿದ್ದಾರೆ: "ಚಿತ್ರ ಬಿಡಿಸುತ್ತೇನೆ, ಫೋಟೊ ತೆಗೆಯುತ್ತೇನೆ, ಜಾಹೀರಾತು ಬರೆಯುತ್ತೇನೆ. 'ಯಾವುದರೆ ಒಂದ ಕೆಲಸ ನೆಟ್ಟಗ ಹಿಡಿ' ಅಂತಾರ ಮನ್ಯಾಗ. ಈಗ ನಮ್ಮೂರಿನ ಚಪ್ಪಲಿ ಮಾರುವವರು ಬ್ರ್ಯಾಂಡ್ ಕಟ್ಟಿಕೊಡು ಎಂದಿದ್ದಾರೆ. ಡಬ್ಬಿಯ ಮೇಲೆ ಕೊಲ್ಹಾಪುರಿ ಎನ್ನಲೇ, ಅಥಣಿ ಎನ್ನಲೇ?"

ಸಹೋದರಿ, ಮನೆಯವರ ಮಾತಿಗೆ ಬೇಸರ ಬೇಡ. ಅವರಿಗೆ ಮೂರಾಗಿ ಕಾಣುವುದು ನನಗೆ ಒಂದೇ ಕಸುಬು: ಈ ವಸ್ತು ಯಾರ ಕೈಯಿಂದ ಬಂತು ಎಂದು ಕೊಳ್ಳುವವರಿಗೆ ತಿಳಿಸುವುದು.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ, ಅಂದರೆ ಒಂದು ಪ್ರದೇಶದ ವಸ್ತುವಿನ ಹೆಸರನ್ನು ಕಾಯುವ ಕಾನೂನಿನ ಗುರುತಿನಲ್ಲಿ, ಎಂಟು ಜಿಲ್ಲೆಗಳಿವೆ. ನಾಲ್ಕು ಮಹಾರಾಷ್ಟ್ರದವು, ಉಳಿದವು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಆ ಹೆಸರಿನಲ್ಲಿ ಅಥಣಿಗೂ ಪಾಲುಂಟು. ಗಡಿ ಜಗಳವನ್ನು ಡಬ್ಬಿಯ ಮೇಲೆ ತರಬೇಡಿ. ಪೇಟೆಗೆ ಗೊತ್ತಿರುವ ಹೆಸರು ಇರಲಿ. ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಅಥಣಿಯಲ್ಲಿ ಮಾಡಿದ್ದು ಎಂದಿರಲಿ.

2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಇದೇ ಬಗೆಯ ಚಪ್ಪಲಿ ಪ್ರದರ್ಶಿಸಿತು, ಮೂಲ ಹೇಳದೆ. ಗದ್ದಲವಾದ ಮೇಲೆ ಇಲ್ಲಿನ ಕೈಕಸುಬೇ ಪ್ರೇರಣೆ ಎಂದು ಒಪ್ಪಿಕೊಂಡಿತು. ನಾವೆಲ್ಲ ಸಿಟ್ಟಾದೆವು, ಸರಿಯೇ. ಆದರೆ ನಮ್ಮೂರ ಅಂಗಡಿಯಲ್ಲಿ ಕೊಳ್ಳುವಾಗ ಹೊಲಿದವರ ಹೆಸರು ಕೇಳಿದವರೆಷ್ಟು ಮಂದಿ?

ನಿಮ್ಮ ಕ್ಯಾಮೆರಾ ಅವರ ಅಂಗಳಕ್ಕೆ ಹೋಗಲಿ. ಜಾಲಿ ತೊಗಟೆ, ಅಳಲೆಕಾಯಿ ನೀರಿನಲ್ಲಿ ಹದಗೊಂಡ ಎಮ್ಮೆ ಚರ್ಮ. ಮೊಳೆಯಿಲ್ಲದೆ ಚರ್ಮದ ಎಳೆಯಿಂದಲೇ ಹಾಕುವ ಹೊಲಿಗೆ. ಮೇಲಿನ ಪಟ್ಟಿಗೆ ತೆಳು ಎಳೆಗಳನ್ನು ಜಡೆಯಂತೆ ಹೆಣೆಯುವ ಹೆಂಗಸರು. ಜಾಹೀರಾತಿನಲ್ಲಿ ಮೆಟ್ಟಿದ ಕಾಲು ಕಾಣುತ್ತದೆ, ಈ ಕೈಗಳು ಕಾಣುವುದಿಲ್ಲ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಸಮಗಾರ ಹರಳಯ್ಯ ದಂಪತಿ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ಬರೆಯಲು ನಿಮಗೆ ಮನಸ್ಸಾದೀತು. ಬರೆಯುವ ಮೊದಲು ಇವತ್ತಿನ ಸಮಗಾರರ, ಢೋರರ ಮನೆಯಲ್ಲಿ ಕೂತು ಕೇಳಿ. ಚರ್ಮ ಮುಟ್ಟುತ್ತಾರೆಂದೇ ಊರು ಅವರನ್ನು ದೂರ ಇಟ್ಟಿತ್ತು. ಪರಂಪರೆ ಎಂದು ನಾವು ಕೊಂಡಾಡುವುದು ಅವರಿಗೆ ಹಳೆಯ ಅವಮಾನವನ್ನೂ ನೆನಪಿಸಬಹುದು. ಆ ಕಥೆ ಮಾರಾಟಕ್ಕೆ ಬೇಡ ಎಂದರೆ ಬಿಟ್ಟುಬಿಡಿ, ಅದು ಅವರದು.

ಕರಾರಿನಲ್ಲಿ ನಿಮ್ಮ ಸಂಭಾವನೆಯ ಜೊತೆಗೆ ಎರಡು ಸಾಲು ಸೇರಿಸಿ. ಮಾಡಿದವರು ಒಪ್ಪಿದರೆ ಅವರ ಹೆಸರು ಡಬ್ಬಿಯ ಮೇಲೆ ಬರಬೇಕು. ಫೋಟೊ ತೆಗೆದ ದಿನದ ಕೂಲಿ ಅವರಿಗೆ ಸಿಗಬೇಕು. ಮಾರುವವರು ತಕರಾರು ತೆಗೆದರೆ ಮತ್ತೆ ಬರೆಯಿರಿ. ಅವರಿಗೆ ಏನು ಹೇಳಬೇಕೆಂದು ಇಬ್ಬರೂ ಸೇರಿ ಯೋಚಿಸೋಣ.

— ಸಂ.